ಗೋಡೆಗಳ ಜ್ವರ ನೋಡುವ ಅಕ್ಕ

ಕಟ್ಟಡಗಳ ವಿಷಯ ಬಲ್ಲವರು ಬರೆಯಬೇಕಾದ ಮಾತುಗಳಿವು. ವಿದ್ಯುತ್ ಉಳಿಸುವ ಮನೆ, ಬಡವರಿಗೂ ಎಟಕುವ ಹಸಿರು ವಸತಿ, ಅದಕ್ಕೆ ಸಿಗುವ ನೆರವು ಎಂದೆಲ್ಲ ಓದಿ, ಅರ್ಧ ಮಾತ್ರ ಅರ್ಥಮಾಡಿಕೊಂಡು ಇದಕ್ಕೆ ಕೈಹಾಕಿದ್ದು ಅಧಿಕಪ್ರಸಂಗವೇ ಸರಿ. ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ಆದರೆ ತಿಳಿದವರಾರೂ ಈ ಕಟ್ಟಡದ ಮೆಟ್ಟಿಲು ಹತ್ತಿ ಬಂದಂತೆ ಕಾಣಲಿಲ್ಲ. ದಿನಕ್ಕೆ ಮೂರು ಸಲ ಹತ್ತುವವರ ಬಗ್ಗೆ ಯಾರಾದರೂ ಹೇಳಬೇಕಲ್ಲ ಎಂಬ ಧೈರ್ಯ ಅಷ್ಟೇ.

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಜ್ವರದಕ್ಕ ಸದ್ದಾಗದಂತೆ ಮೆಟ್ಟಿಲು ಹತ್ತುತ್ತಿದ್ದಾರೆ. ಬಟ್ಟೆಯ ಚೀಲದಲ್ಲಿ ಥರ್ಮಾಮೀಟರ್, ಕಂಕುಳಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆಗಳು, ಕಿವಿಯ ಸಂದಿಯಲ್ಲಿ ಪೆನ್ನು. ನಾಲ್ಕನೆಯ ಮಹಡಿಗೆ ಎಪ್ಪತ್ತೆರಡು ಮೆಟ್ಟಿಲು, ಲಿಫ್ಟ್ ಇಲ್ಲ. ಎರಡನೆಯ ಮಹಡಿಯ ತಿರುವಿನಲ್ಲೊಮ್ಮೆ ಮೊಣಕಾಲು ಹಿಡಿದುಕೊಂಡು ನಿಲ್ಲುತ್ತಾರೆ, ಮೂರನೆಯದರಲ್ಲಿ ಮತ್ತೊಮ್ಮೆ. "ಈ ಹೊತ್ತಲ್ಲಿ ಯಾರೂ ನೋಡಲ್ಲ, ಅದೇ ಪುಣ್ಯ" ಎನ್ನುತ್ತಾರೆ.

ಮೇಲಿನ ಮಹಡಿಯ ಮೊದಲ ಬಾಗಿಲು ತೆರೆದೊಡನೆ ಬಿಸಿಗಾಳಿ ಮುಖಕ್ಕೆ ರಾಚುತ್ತದೆ. ಹೊರಗೆ ಇಪ್ಪತ್ತೈದು ಡಿಗ್ರಿ ಇದ್ದರೆ ಒಳಗೆ ಮೂವತ್ತಮೂರು. ತಲೆಯ ಮೇಲಿರುವುದು ಬರೀ ಕಾಂಕ್ರೀಟು. ಹಗಲಿಡೀ ಕುಡಿದ ಬಿಸಿಲನ್ನು ಅದು ರಾತ್ರಿಯಿಡೀ ಒಳಗೆ ಇಳಿಸುತ್ತದೆ. "ನಿನ್ನೆ ಬಿಸಿಲು ಇನ್ನೂ ಮನೆ ಬಿಟ್ಟು ಹೋಗಿಲ್ಲ ನೋಡಿ. ಅಷ್ಟರಲ್ಲಿ ಇವತ್ತಿಂದು ಬಂದ್ಬಿಡುತ್ತೆ." ಕೋಣೆಯ ನಡುವೆ, ಹೆಗಲೆತ್ತರಕ್ಕೆ ಥರ್ಮಾಮೀಟರ್ ಹಿಡಿದು ನಾಲ್ಕು ನಿಮಿಷ ಅಲ್ಲಾಡದೆ ನಿಲ್ಲುತ್ತಾರೆ. ಬರೆದುಕೊಳ್ಳುತ್ತಾರೆ, ಮನೆಯವರ ಸಹಿ ಹಾಕಿಸುತ್ತಾರೆ, ಪಕ್ಕದ ಬಾಗಿಲಿಗೆ ಹೋಗುತ್ತಾರೆ. ಮೇಲಿನ ಸಾಲಿನಲ್ಲಿ ಹದಿನಾರು ಮನೆ. ಬೆಳಗ್ಗೆ ಒಂದು ಸುತ್ತು, ಮಧ್ಯಾಹ್ನ ಮೂರಕ್ಕೆ ಒಂದು, ಸಂಜೆ ಏಳಕ್ಕೆ ಇನ್ನೊಂದು. ಹೀಗೆ ಇಪ್ಪತ್ತೊಂದು ದಿನ. ಇವತ್ತು ಕೊನೆಯ ದಿನ.

ಜ್ವರದಕ್ಕ ಎಂಬುದು ಅವರ ಗಂಡನೇ ಇಟ್ಟ ಹೆಸರು. "ಡಾಕ್ಟರು ಮನುಷ್ಯರ ಬಾಯಿಗೆ ಇಡ್ತಾರೆ, ಇವಳು ಗೋಡೆಗೆ ಇಟ್ಟು ಜ್ವರ ನೋಡ್ತಾಳೆ" ಎಂದು ಅವರು ಒಂದು ಸಲ ಅಂದದ್ದೇ ತಡ, ಕಟ್ಟಡಕ್ಕೆಲ್ಲ ಅದೇ ಹೆಸರು ಹಬ್ಬಿತು. "ಗೋಡೆದಲ್ಲ ಕಣ್ರೀ, ಗಾಳಿದು" ಎಂದು ಅಕ್ಕ ಈಗಲೂ ತಿದ್ದುತ್ತಾರೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ವಯಸ್ಸು ಐವತ್ತೆರಡು. ಹದಿನೆಂಟು ವರ್ಷ ಕಾರ್ಖಾನೆಯಲ್ಲಿ ಡಬ್ಬಕ್ಕೆ ಸಾಮಾನು ತುಂಬುವ ಕೆಲಸ ಮಾಡಿದವರು. ಅದು ಮುಚ್ಚಿದ ಮೇಲೆ ನಿವಾಸಿಗಳ ಸಂಘದಲ್ಲಿ ಗುಮಾಸ್ತೆ. ನೀರಿನ ಮೋಟಾರು ಕೆಟ್ಟರೂ ಇವರೇ, ಜಗಳ ಬಿಡಿಸುವುದಕ್ಕೂ ಇವರೇ. ಬಿಸಿಲು ತಡೆಯುವ ಪದರವನ್ನು ಮಾಳಿಗೆಗೆ ಹಾಕಿಸಲು, ಬಿಳಿ ಬಣ್ಣ ಬಳಿಸಲು, ಕಿಟಕಿಗಳಿಗೆ ನೆರಳು ಕಟ್ಟಿಸಲು ಒಂದು ನಿಧಿ ಪೂರ್ತಿ ನೆರವು ಕೊಡುತ್ತದೆಂಬ ಸುದ್ದಿ ತಂದವರೂ ಇವರೇ. ದೊಡ್ಡ ಕಟ್ಟಡದವರು ಇಂಥ ಅರ್ಜಿ ಹಾಕಲು ಸಲಹೆಗಾರರನ್ನು ಇಟ್ಟುಕೊಳ್ಳುತ್ತಾರೆ, ಮನೆಮನೆಗೂ ಸೆಖೆ ಅಳೆಯುವ ಯಂತ್ರ ಕೂರಿಸುತ್ತಾರೆ. ಇಲ್ಲದವರು ಕೈಯಲ್ಲೇ ಅಳೆದು ಬರೆಯಬಹುದು ಎಂದು ನಿಯಮದ ಹನ್ನೊಂದನೆಯ ಪುಟದಲ್ಲಿದೆ. ಅಲ್ಲಿಯವರೆಗೆ ಓದಿದವರು ಅಕ್ಕ ಒಬ್ಬರೇ.

ಕಳೆದ ವರ್ಷದ ಅರ್ಜಿ ತಿರಸ್ಕೃತವಾಯಿತು. 'ಮನೆಗಳು ವಾಸಕ್ಕೆ ತಕ್ಕಷ್ಟು ತಂಪಾಗಿವೆ' ಎಂದು ಕಚೇರಿಯಿಂದ ಕಾಗದ ಬಂತು. ಅದೇ ವಾರ ಇಬ್ಬರನ್ನು ಸೆಖೆಗೆ ತಲೆಸುತ್ತಿ ಬಿದ್ದರೆಂದು ಕುರ್ಚಿಯಲ್ಲಿ ಕೂರಿಸಿ ಕೆಳಗೆ ಹೊತ್ತು ತರಲಾಗಿತ್ತು. ಮೇಲಿನವರ ಸಿಟ್ಟೆಲ್ಲ ಅಕ್ಕನ ಮೇಲೆ ತಿರುಗಿತು. "ನೆಲಮಹಡಿಯವಳಿಗೆ ನಮ್ಮ ಸಂಕಟ ಏನು ಗೊತ್ತು" ಎಂದವರೂ ಇದ್ದರು. "ಸುಳ್ಳೇನಲ್ಲ ಬಿಡಿ" ಎನ್ನುತ್ತಾರೆ ಅಕ್ಕ. "ನಮ್ಮನೇಲಿ ಮಧ್ಯಾಹ್ನ ಕಣ್ಣು ಮುಚ್ಚಬಹುದು."

ತಪ್ಪೆಲ್ಲಾಯಿತು ಎಂಬುದು ತಿಳಿದದ್ದು ಆಮೇಲೆ. ಮೇಲಿನ ಸಾಲಿನ ಕೊನೆಯ ಮನೆಯಲ್ಲಿ ಹೊಲಿಗೆಯಾಕೆ ಇದ್ದಾಳೆ. ಒಂದು ಮಧ್ಯಾಹ್ನ ಹರಿದ ಚೀಲ ಹೊಲಿಸಲು ಅಕ್ಕ ಹೇಳದೆ ಕೇಳದೆ ಒಳಗೆ ಹೋದರೆ, ಮನೆ ಕುಲುಮೆಯಂತಿದೆ. ಹೊಲಿಗೆಯಾಕೆ ಗಾಬರಿಯಾಗಿ ಎದ್ದಳು. "ಅಯ್ಯೋ ಅಕ್ಕ, ಒಂದು ಕೂಗು ಹಾಕಬಾರದಾ? ನೆಲಕ್ಕಾದ್ರೂ ನೀರು ಚಿಮುಕಿಸ್ತಿದ್ದೆ."

"ಯಾಕೆ?"

"ಅಳತೆಗೆ ಬಂದಾಗೆಲ್ಲ ಹಾಗೇ ಮಾಡ್ತಿದ್ವಲ್ಲ! ನೀನು ಬಂದಾಗ ಮನೆ ಹೀಗಿದ್ರೆ ನಾಚಿಕೆಯಾಗಲ್ವಾ?"

ಹೆಂಗಸರು ಸೆರಗು ಸರಿಮಾಡಿಕೊಳ್ಳಲಿ ಎಂಬ ಮರ್ಯಾದೆಗೆ ಅಕ್ಕ ಪ್ರತಿ ಸುತ್ತಿಗೂ ಮೆಟ್ಟಿಲಿಂದಲೇ "ಬರ್ತಾ ಇದ್ದೀನಿ" ಎಂದು ಕೂಗುತ್ತಿದ್ದರು. ಕೂಗು ಕೇಳಿದ್ದೇ ಹದಿನಾರು ಮನೆಯವರೂ ಕಿಟಕಿ ತೆರೆದು, ನೆಲಕ್ಕೆ ನೀರು ಹಾಕಿ, ಒದ್ದೆ ಬಟ್ಟೆ ಇಳಿಬಿಟ್ಟು ಮನೆಯನ್ನು ಅಚ್ಚುಕಟ್ಟು ಮಾಡುತ್ತಿದ್ದರು. ಅಕ್ಕ ಬರೆದುಕೊಂಡದ್ದು ಆ ಅಚ್ಚುಕಟ್ಟನ್ನು. "ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಎರಡೂ ಮಾಡದೆ ಚೀಲ ತಗೊಂಡು ಇಳಿದು ಬಂದೆ."

ಈ ವರ್ಷ ಕೂಗುವುದಿಲ್ಲ. ಬಾಗಿಲು ತಟ್ಟಿ ನೇರ ಒಳಗೆ. ಬನಿಯನ್ನಿನಲ್ಲಿದ್ದವರು ಓಡಿಹೋಗುತ್ತಾರೆ, ಕೆಲವರು ಮುಖ ಗಂಟಿಕ್ಕುತ್ತಾರೆ. ನಿಧಿಗೆ ಅರ್ಜಿ ಹಾಕಲು ಇದೇ ಕೊನೆಯ ಅವಕಾಶ, ಮುಂದಿನ ತಿಂಗಳು ಅದು ಮುಚ್ಚುತ್ತದೆ. ನಿಯಮವೂ ಬಿಗಿ: ಮಧ್ಯಾಹ್ನದ ಅಳತೆ ಯಾವ ಮನೆಯಲ್ಲೂ ಒಂದೇ ಒಂದು ದಿನವೂ ಮೂವತ್ತೈದಕ್ಕಿಂತ ಇಳಿಯಬಾರದು. ಮಾಳಿಗೆ ಒಂದೇ ಆದ್ದರಿಂದ ಒಂದು ಮನೆ ತಪ್ಪಿದರೆ ಹದಿನಾರೂ ತಪ್ಪಿದಂತೆ.

ಹದಿನೆಂಟು ದಿನ ಸರಿಯಾಗಿ ನಡೆಯಿತು. ಹದಿನೆಂಟನೆಯ ದಿನ ಮಧ್ಯಾಹ್ನ ಹೊಲಿಗೆಯಾಕೆಯ ಮನೆಯಲ್ಲಿ ಅಕ್ಕನಿಗೇ ಕಣ್ಣು ಕತ್ತಲೆಯಾಗಿ ಬಾಗಿಲ ಚೌಕಟ್ಟು ಹಿಡಿದು ನಿಂತರು. ಹೊಲಿಗೆಯಾಕೆಯ ಮಾವ ಅದನ್ನು ನೋಡಿದರು. ಬಸ್ ಓಡಿಸಿ ನಿವೃತ್ತರಾದ ಅವರನ್ನು ಎಲ್ಲರೂ ಡ್ರೈವರಜ್ಜ ಎನ್ನುತ್ತಾರೆ. ಮರುದಿನ ಸೊಸೆ ನೂಲು ತರಲು ಕೆಳಗಿಳಿದಾಗ ಅಜ್ಜ ಕಿಟಕಿಗೆ ಒದ್ದೆ ಬೆಡ್‌ಶೀಟು ಕಟ್ಟಿ, ನೆಲಕ್ಕೆ ಎರಡು ಬಕೆಟ್ ನೀರು ಸುರಿದು, ಫ್ಯಾನಿನ ಮುಂದೆ ಕುರ್ಚಿ ಹಾಕಿ ಕಾದು ಕೂತಿದ್ದರು.

"ಏನಜ್ಜ ಇದು?" ಎಂದರು ಅಕ್ಕ.

"ಕೂತ್ಕೋ ಮಗಳೇ. ದಿನಾ ಬೆವರು ಒರೆಸ್ಕೊಂಡು ಕಂಬದ ಹಾಗೆ ನಿಲ್ತೀಯ. ಮನೆಗೆ ಬಂದವಳನ್ನ ಬೇಯಿಸಿ ಕಳಿಸೋಕೆ ನಾವೇನು ರಾಕ್ಷಸರಾ?"

ಥರ್ಮಾಮೀಟರ್ ಮೂವತ್ತೊಂದಕ್ಕೆ ನಿಂತಿತು. ಅಷ್ಟರಲ್ಲಿ ಬಂದ ಸೊಸೆ ಬೆಡ್‌ಶೀಟನ್ನು ಕಿತ್ತೆಸೆದಳು. ನೆಲ ಆರಲು ಹೊತ್ತು ಬೇಕಿತ್ತು, ಅಳತೆಗೆ ಕಾಯಲು ಅವಕಾಶವಿರಲಿಲ್ಲ. "ಅಕ್ಕ, ನಿನ್ನೆದೇ ಬರೆದುಬಿಡು. ಯಾರು ನೋಡಿದ್ದಾರೆ?" ಎಂದಳು. "ನಾನು ಸಹಿ ಹಾಕ್ತೀನಿ" ಎಂದರು ಅಜ್ಜ, ಮುಖ ಇಳಿದುಹೋಗಿ.

ಅಕ್ಕ ಕಿವಿಯ ಸಂದಿಯ ಪೆನ್ನು ತೆಗೆದರು. ಮೂವತ್ತೊಂದು ಎಂದೇ ಬರೆದರು. ಪಕ್ಕದ ಷರಾ ಕಾಲಮ್ಮಿನಲ್ಲಿ, 'ಅಳೆಯುವವರಿಗೆ ಹಿಂದಿನ ದಿನ ತಲೆಸುತ್ತು ಬಂದಿದ್ದರಿಂದ ಮನೆಯವರು ಕರುಣೆಯಿಂದ ನೀರು ಹಾಕಿದ್ದರು' ಎಂದು ಸೇರಿಸಿದರು.

"ಒಳ್ಳೆಯವಳು ಅಂತ ಬರೆಯಬೇಡಿ" ಎಂದು ಈಗ ತಡೆಯುತ್ತಾರೆ. "ಹೋದ ವರ್ಷ ನಾನು ಬರೆದದ್ದು ಸುಳ್ಳು, ನನಗೇ ಗೊತ್ತಿಲ್ಲದೆ. ಈ ಸಲ ಗೊತ್ತಿದ್ದೂ ಬರೆದ್ರೆ ಎರಡು ಸಲ ಆಗುತ್ತೆ. ಅಷ್ಟೇ." ಮೇಲಿನ ಸಾಲಿನಲ್ಲಿ ನಾಲ್ಕು ಮನೆಯವರು ಅವರ ಜೊತೆ ಮಾತು ಬಿಟ್ಟಿದ್ದಾರೆ. ಬಾಗಿಲು ಮಾತ್ರ ತೆರೆಯುತ್ತಾರೆ, ಸಹಿ ಹಾಕುತ್ತಾರೆ.

ಸಂಜೆ ಏಳರ ಕೊನೆಯ ಸುತ್ತು ಮುಗಿಸಿ ಅಕ್ಕ ಮೆಟ್ಟಿಲ ಮೇಲೇ ಕೂತಿದ್ದಾರೆ. ನಾಳೆ ಅರ್ಜಿ ಸಲ್ಲಿಸಬೇಕು. ಆಸೆ ಏನು ಎಂದು ಕೇಳಿದರೆ ಥರ್ಮಾಮೀಟರನ್ನು ಚೀಲಕ್ಕೆ ಹಾಕುತ್ತಾ ಹೇಳುತ್ತಾರೆ. "ಒಂದು ದಿನ ಮಧ್ಯಾಹ್ನ ಮೂರಕ್ಕೆ ಅಜ್ಜನ ಮನೆಗೆ ಬರಿಗೈಲಿ ಹೋಗಬೇಕು. ಅವರು ಕೂತ್ಕೋ ಅಂದ್ರೆ ಕೂತ್ಕೋಬೇಕು."

ಆ ಷರಾವನ್ನು ಕಚೇರಿಯಲ್ಲಿ ಯಾರು ಓದುತ್ತಾರೆ, ಓದುತ್ತಾರೋ ಇಲ್ಲವೋ, ಓದಿದರೂ ನಿಯಮ ಅದಕ್ಕೆ ಜಾಗ ಕೊಡುತ್ತದೋ ಎಂದು ಮೂರು ಕಡೆ ವಿಚಾರಿಸಿದ್ದಾಯಿತು. ಯಾರೂ ಖಚಿತವಾಗಿ ಹೇಳಲಿಲ್ಲ. ಈ ಬರಹಕ್ಕೂ ಗೊತ್ತಿಲ್ಲ.