ಬಳೆಗಾರನ ತಟ್ಟು

ಚಿಕ್ಕಂದಿನ ಜ್ವರದಲ್ಲಿ ಮಧುವನಹಳ್ಳಿಯ ಗುರುಬಸಮ್ಮನ ಬಲಗಾಲು ಸೊರಗಿ, ಮಂಡಿ ಮಡಚದಂತಾಗಿತ್ತು. ಆಕೆ ಕೊಳ್ಳೇಗಾಲಕ್ಕೆ ರೇಷ್ಮೆಗೂಡು ಒಯ್ಯಲೆಂದು ಅಣ್ಣ ಪುಟ್ಟಮಾದಪ್ಪ ೧೯೫೮ರಲ್ಲಿ ಮುದಿ ಬಳೆಗಾರನೊಬ್ಬನಿಂದ ತಟ್ಟುಕುದುರೆ ಕೊಂಡುತಂದ. ಎರಡೂ ಕಾಲನ್ನು ಎಡಕ್ಕೇ ಇಳಿಬಿಟ್ಟು ಆಕೆ ಠೀವಿಯಿಂದ ಕೂತಳು.

ತಟ್ಟು ಮಾತ್ರ ಹಳೆಯ ಕಸುಬು ಬಿಡಲಿಲ್ಲ. ದಾರಿಯಲ್ಲಿ ಯಾವ ಜಗುಲಿಯ ಮೇಲೆ ಹೆಂಗಸು ಕಂಡರೂ ಎಡಮಗ್ಗುಲನ್ನು ಜಗುಲಿಯ ಕಡೆ ಮಾಡಿ ನಿಂತುಬಿಡುತ್ತಿತ್ತು. ಎರಡು ಕೈಗೆ ಬಳೆ ತೊಡಿಸುವಷ್ಟು ಹೊತ್ತು ಕಳೆಯದೆ ಹೆಜ್ಜೆ ಕೀಳುತ್ತಿರಲಿಲ್ಲ. ಎಡಗಾಲಲ್ಲಿ ತಿವಿದರೆ ಒಂದು ಸುತ್ತು ಸುತ್ತಿ ಮತ್ತೆ ಅಲ್ಲೇ ನಿಲ್ಲುತ್ತಿತ್ತು.

"ಓಗು ಮುಂದ್ಕೆ, ಮುಂಡೇದೆ!" ಎಂದು ಗುರುಬಸಮ್ಮ ಬೈಯುವಳು. ಜಗುಲಿಯವರು ಕೈಚಾಚಿ, "ಬಳೆ ಎಲ್ಲಿ, ಅಕ್ಕಾ?" ಎಂದು ನಗುವರು.

ತಿಂಗಳುಗಟ್ಟಲೆ ಜಗಳವಾಡಿ ಸೋತವಳು ಒಂದು ಬೆಳಿಗ್ಗೆ ಗೂಡಿನ ಚೀಲದ ಜೊತೆ ಬಳೆ ಪೋಣಿಸಿದ ಮಲಾರವನ್ನೂ ಹೆಗಲಿಗೇರಿಸಿದಳು. ಅಡ್ಡ ಕೂತವಳಿಗೆ ಜಗುಲಿಯವರ ಕೈ ಎದುರಿಗೇ ಸಿಕ್ಕಿತು. ಇಳಿಯುವ ಪಾಡೇ ಇಲ್ಲ. ಅಂದಿನಿಂದ ಆಕೆ ಬಳೆಯಮ್ಮ.

ಹದಿನೈದು ವರ್ಷದ ಮೇಲೆ ಆ ದಾರಿಗೆ ಬಸ್ಸು ಬಂತು.

"ಇನ್ನಾದ್ರೂ ಬಸ್ನಲ್ಲಿ ಓಗವ್ವ," ಎಂದ ಅಣ್ಣ.

ಮುದಿ ತಟ್ಟುವಿನ ಕತ್ತು ತಡವುತ್ತ ಬಳೆಯಮ್ಮ ಕೇಳಿದಳು: "ಎಂಗುಸ್ರ ಕಂಡ್ರೆ ಬಸ್ಸು ನಿಂತದಾ, ಅಣ್ಣ?"