ನಲವತ್ತೇಳು, ಮತ್ತೆ ನಲವತ್ತೇಳು

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಹೊಲಿಗೆ ಬಿಟ್ಟು ಸಾಫ್ಟ್‌ವೇರ್ ಕಂಪನಿ ಸೇರಿದ ಮೇಲೂ ಆ ಹೆಸರು ಅವಳನ್ನು ಬಿಡಲಿಲ್ಲ. ಅವಳು ಹೊಲಿಯುತ್ತಿದ್ದ ಅಂಗಡಿಯ ಮಾಲೀಕ ಬಟ್ಟೆ ಕತ್ತರಿಸುವ ನಕ್ಷೆ ತೆಗೆಯಲು ಒಂದು ಕಂಪ್ಯೂಟರ್ ತಂದಿದ್ದೇ ನೆಪ. ತೋಳಿನ ಅಳತೆ ಬದಲಿಸಿದರೆ ಕಂಕುಳ ಸುತ್ತಳತೆ ತಾನಾಗಿ ಬದಲಾಗುವುದನ್ನು ನೋಡಿ, ಇದಕ್ಕೆ ಇಷ್ಟು ಬುದ್ಧಿ ಹೇಳಿಕೊಟ್ಟವರು ಯಾರು ಎಂಬ ಹುಳ ಅವಳ ತಲೆ ಹೊಕ್ಕಿತು. ಕಂಪ್ಯೂಟರ್ ಕಲಿಸುವ ಸಂಜೆ ತರಗತಿಗೆ ಸೇರಿದಳು. ಅತ್ತೆ ಅಡುಗೆಮನೆ ವಹಿಸಿಕೊಂಡರು. ಗಂಡ ಮಗಳಿಗೆ ಜಡೆ ಹಾಕುವುದನ್ನು ಕಲಿತ, ಸೊಟ್ಟಗಾದರೂ.

ಕೆಲಸವೇನೋ ಸಿಕ್ಕಿತು, ಧೈರ್ಯ ಸಿಗಲಿಲ್ಲ. ಕಂಪನಿಯವರು ತಪ್ಪಿ ತನ್ನನ್ನು ತೆಗೆದುಕೊಂಡಿದ್ದಾರೆ, ಇವತ್ತಲ್ಲ ನಾಳೆ ಅವರಿಗೆ ಗೊತ್ತಾಗುತ್ತದೆ ಎಂದೇ ಅವಳು ದಿನ ದೂಡುತ್ತಿದ್ದಳು. ಬರೆದ ಪ್ರೋಗ್ರಾಂ ಸರಿಯಿದ್ದರೂ ಅದನ್ನು ಚಾಲೂ ಮಾಡುವ ಗುಂಡಿಯ ಮೇಲೆ ಬೆರಳು ನಿಂತುಬಿಡುತ್ತಿತ್ತು. ಪಕ್ಕದ ಕುರ್ಚಿಯ, ಕೆಲಸದಲ್ಲಿ ತನಗಿಂತ ಹಿರಿಯನಾದವನತ್ತ ತಿರುಗಿ, "ಒತ್ತಲಾ?" ಎನ್ನುತ್ತಿದ್ದಳು. ಚಿಕ್ಕ ವಯಸ್ಸಿಗೇ ತಲೆ ನೆರೆತಿದ್ದ ಅವನನ್ನು ಆಫೀಸಿನವರು ತಾತ ಎನ್ನುತ್ತಿದ್ದರು. "ಒತ್ತಿ ಅಕ್ಕ, ಬಾಂಬೇನೂ ಅಲ್ಲ," ಎಂದು ಅವನು ತಲೆಯೆತ್ತದೆಯೇ ಹೇಳುತ್ತಿದ್ದ.

ಅವಳು ಮೊದಲು ಮಾಡಿದ ದೊಡ್ಡ ಕೆಲಸವೆಂದರೆ ಕಣ್ಣಾಸ್ಪತ್ರೆಗೆ ಟೋಕನ್ ಕೂಗುವ ದನಿ. ಕಣ್ಣಿಗೆ ಔಷಧಿ ಹಾಕಿಸಿಕೊಂಡು ಕೂತವರಿಗೆ ಪರದೆಯ ಮೇಲಿನ ಅಂಕಿ ಕಾಣುವುದಿಲ್ಲ. ಅದಕ್ಕೇ ಈ ದನಿ. ಒಳಗೆ ಡಾಕ್ಟರು ಗುಂಡಿ ಒತ್ತಿದರೆ ಹೊರಗೆ ಸಂಖ್ಯೆಯನ್ನು ಎರಡು ಸಲ ಕೂಗಬೇಕು. ಶುರುವಾಗುವ ದಿನ ನೋಡಿಕೊಳ್ಳಲು ಅವಳೊಬ್ಬಳನ್ನೇ ಕಳಿಸಿದರು. ತಾತ ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದ.

ಮೊದಲೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಆಮೇಲೆ ದನಿ, "ನಲವತ್ತೇಳು, ದಯವಿಟ್ಟು ಬನ್ನಿ" ಎಂದಿತು. ಮತ್ತೆ ನಲವತ್ತೇಳು. ಹತ್ತು ನಿಮಿಷವಾದರೂ ಅದೇ ನಲವತ್ತೇಳು. ಬೆಂಚಿನಿಂದ ಮುದುಕರೊಬ್ಬರು ಎದ್ದು ನಿಂತರು.

"ಅಮ್ಮಾ, ನಾನು ಒಳಗೆ ಹೋಗಿ ಬಂದಾಯ್ತು. ಇದಕ್ಕೆ ನನ್ನ ಮೇಲೆ ಯಾಕಿಷ್ಟು ಪ್ರೀತಿ?"

ಜನ ಗೊಳ್ಳೆಂದು ನಕ್ಕರು. ಟೈಲರಕ್ಕನಿಗೆ ಜೀವ ಬಾಯಿಗೆ ಬಂತು. ಕಾಲಿಗೆ ಬುದ್ಧಿ ಹೇಳೋಣ ಎನ್ನಿಸಿತು. ತಾತನಿಗೆ ಫೋನ್ ಮಾಡಿದಳು.

"ಊಂ... ಆಆ... ಫೋಫ..." ಎಂದಿತು ಆ ಕಡೆ. ಬಾಯಿ ಪೂರ್ತಿ ಮರಗಟ್ಟಿತ್ತು, ಪಾಪ. ಅವನಿಂದ ಒಂದಕ್ಷರವೂ ಸಿಗುವಂತಿರಲಿಲ್ಲ.

ಫೋನ್ ಇಟ್ಟಳು. ಒಂದು ಗುಟುಕು ನೀರು ಕುಡಿದಳು. ದನಿಯನ್ನು ನಿಲ್ಲಿಸಿ ನರ್ಸ್ ಹತ್ತಿರ ಹೋಗಿ, "ಸ್ವಲ್ಪ ಹೊತ್ತು ನೀವೇ ಕೂಗ್ತೀರಾ? ಇದು ನನ್ನ ತಪ್ಪು, ನಾನು ಸರಿ ಮಾಡ್ತೀನಿ," ಎಂದಳು. ಹೇಳಿದ ಮೇಲೆ ಅವಳಿಗೇ ಆಶ್ಚರ್ಯ: ಸರಿ ಮಾಡ್ತೀನಿ ಅಂದೆನಾ?

ಕೌಂಟರಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, ನಡೆದಿದ್ದೆಲ್ಲ ದಾಖಲಾಗಿದ್ದನ್ನು ಸಾಲುಸಾಲಾಗಿ ಓದಿದಳು. ಆಫೀಸಿನಲ್ಲಿ ಪರೀಕ್ಷೆ ಮಾಡುವಾಗ ಒಂದೇ ಕೋಣೆ ಇತ್ತು. ಇಲ್ಲಿ ಹಲವು ಕೋಣೆ, ಹಲವು ಡಾಕ್ಟರು. ಒಂದು ಕೋಣೆಗೆ ದನಿ ಕೂಗುತ್ತಿರುವಾಗಲೇ ಇನ್ನೊಂದು ಕೋಣೆಯಿಂದ ಗುಂಡಿ ಒತ್ತಿದರೆ, ಕೂಗು ಅರ್ಧಕ್ಕೆ ನಿಂತು ಆ ಹಳೆಯ ಸಂಖ್ಯೆಯೇ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು; ತಮ್ಮ ರೋಗಿ ಬರಲಿಲ್ಲವೆಂದು ಡಾಕ್ಟರುಗಳು ಮತ್ತೆ ಮತ್ತೆ ಒತ್ತುತ್ತಿದ್ದರು. ಓಹೋ, ಇಷ್ಟೇನಾ! ಟೋಕನ್ ಹಿಡಿದ ಜನರ ಹಾಗೆ ಕೂಗುಗಳೂ ಸಾಲಿನಲ್ಲಿ ನಿಲ್ಲಲಿ, ಒಂದು ಮುಗಿದ ಮೇಲೆ ಇನ್ನೊಂದು. ಬರೆದಳು. ನಾಲ್ಕಾರು ಕೋಣೆಗಳಿಂದ ಒಟ್ಟಿಗೆ ಒತ್ತಿದಂತೆ ಮಾಡಿ ಪರೀಕ್ಷಿಸಿದಳು. ಅಭ್ಯಾಸಬಲ, ಬೆರಳು ನಿಂತಿತು. ಪಕ್ಕಕ್ಕೆ ನೋಡಿದರೆ ಅಲ್ಲಿದ್ದುದು ನೀರಿನ ಕ್ಯಾನು. ಒತ್ತಿದಳು.

"ಅರವತ್ತೆರಡು, ದಯವಿಟ್ಟು ಬನ್ನಿ." ಆಮೇಲೆ ಅರವತ್ತಮೂರು. ನರ್ಸ್ ಕುರ್ಚಿಗೆ ಒರಗಿ ಉಸಿರು ಬಿಟ್ಟಳು.

ಮರುದಿನ ತಾತ ಊದಿದ ಕೆನ್ನೆ ಹೊತ್ತು ಬಂದು ಅವಳು ಬರೆದಿದ್ದನ್ನು ಓದಿದ. "ಚೆನ್ನಾಗಿದೆ ಅಕ್ಕ. ಆದ್ರೆ ಸಾಲು ಉದ್ದ ಆಗುತ್ತೆ. ಒಂದೇ ಸಲ ಕೂಗೋ ಹಾಗೆ ಮಾಡಿಬಿಡಿ."

ಹಿಂದಿನ ವಾರವಾಗಿದ್ದರೆ ಹೂಂ ಎಂದು ತಲೆಯಾಡಿಸುತ್ತಿದ್ದಳು.

"ಬೇಡ," ಎಂದಳು. "ಅಲ್ಲಿ ನಾನು ಕೂತು ನೋಡಿದೀನಿ. ಮೊದಲನೇ ಕೂಗಿಗೆ ಕೂತವರು ಬೆಚ್ಚಿ ಬೀಳ್ತಾರೆ, ಎರಡನೇದಕ್ಕೆ ಏಳ್ತಾರೆ. ಬೇಕಾದ್ರೆ 'ದಯವಿಟ್ಟು ಬನ್ನಿ' ತೆಗೆಯೋಣ."

ತಾತ ಕೆನ್ನೆ ಸವರಿಕೊಂಡು ಯೋಚಿಸಿದ. "ಅದೂ ಸರೀನೇ," ಎಂದ.

ತಿಂಗಳು ಕಳೆಯುವುದರಲ್ಲಿ ಮಕ್ಕಳ ಆಸ್ಪತ್ರೆಯವರೂ ಅಂಥದೇ ದನಿ ಬೇಕೆಂದರು. ಯಾರು ವಹಿಸಿಕೊಳ್ಳುತ್ತೀರಿ ಎಂದು ಮ್ಯಾನೇಜರ್ ಕೇಳಿದಾಗ ಮೊದಲು ಎದ್ದ ಕೈ ಟೈಲರಕ್ಕನದು.

ಮನೆಯಲ್ಲಿ ಸುದ್ದಿ ಕೇಳಿ ಅತ್ತೆ ಹಿಗ್ಗಿ ಹೀರೇಕಾಯಿಯಾದರು. "ಅಲ್ಲಿಗೆ ನನ್ನ ದನೀನೇ ಹಾಕಮ್ಮ. ಮೂರು ಬೀದಿಗೆ ಕೇಳುತ್ತೆ."

"ಅತ್ತೆ, ಮಕ್ಕಳು ಡಾಕ್ಟರನ್ನ ನೋಡೋ ಮೊದಲೇ ಓಡಿ ಹೋಗ್ತಾವೆ!"

"ಹೋಗಲಿ ಬಿಡು, ಓಡೋ ಮಕ್ಕಳಿಗೆ ಎಂಥ ಕಾಯಿಲೆ?" ಎಂದರು ಅತ್ತೆ.

ಅವಳು ನಗುತ್ತಲೇ ಮಗಳನ್ನು ಕರೆದು ಮಡಿಲಲ್ಲಿ ಕೂರಿಸಿಕೊಂಡಳು. "ಎಲ್ಲಿ, ನೀನೊಂದು ಸಲ ಹೇಳು ನೋಡೋಣ, ಒಂದರಿಂದ ನೂರರವರೆಗೆ, ನಿಧಾನವಾಗಿ," ಎಂದು ರೆಕಾರ್ಡ್ ಗುಂಡಿ ಒತ್ತಿ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದಳು.