ಆಚೆ ಯಾರಿದ್ದೀರಾ?

ಖಾದರ್ ಸಾಬರು ಗೋಡೆಗೆ ಉಳಿ ಇಡುವ ಮೊದಲು ಕಿವಿ ಆನಿಸಿ, ಕಲ್ಲಿನೊಳಗೆ ನೆಂಟರು ಬಂದಿಳಿದಿದ್ದಾರೋ ಎಂಬಂತೆ ಕೂಗುತ್ತಿದ್ದರು: "ಆಚೆ ಯಾರಿದ್ದೀರಾ? ವಸಿ ಸರ್ಕಳ್ರಪ್ಪಾ!" ಆಚೆ ಬರೀ ಬಯಲಿದ್ದರೂ ಸರಿಯೆ, ಯಾರಾದರೂ ಹೋಗಿ ನಿಂತು "ಯಾರೂ ಇಲ್ಲ" ಎನ್ನುವವರೆಗೆ ಸುತ್ತಿಗೆ ಎತ್ತುತ್ತಿರಲಿಲ್ಲ.

"ಯಾರೂ ಇಲ್ಲ ಅನ್ನಾಕಾದ್ರೂ ಒಬ್ರು ಬೇಕಲ್ಲ ಕಣಮ್ಮ" ಎಂದು ನಗುತ್ತಿದ್ದರು. ಕಣ್ಣು ಮಾತ್ರ ನಗುತ್ತಿರಲಿಲ್ಲ.

ಮಧುಗಿರಿಯ ಮನೆಗಳಿಗೆ ನಲ್ಲಿ ಬರತೊಡಗಿದ ಕಾಲ. ಸಾಬರು ಶಿರಾದಿಂದ ಬೆಳಗಿನ ಬಸ್ಸಿಗೆ ಬಂದು, ಕೋಟೆಯ ಕಲ್ಲಿನಂಥ ಗೋಡೆಗಳಲ್ಲಿ ಪೈಪಿಗೆ ದಾರಿ ಕೊರೆಯುತ್ತಿದ್ದರು. ಒಂದು ಏಟು, ಉಳಿಯನ್ನು ಒಂದಿಷ್ಟು ತಿರುಗಿಸುವುದು, ಮತ್ತೊಂದು ಏಟು. ನಡುವೆ ಒಂದು ಉಸಿರಿನಷ್ಟು ಮೌನ. ಆ ಮೌನ ಬಂದಾಗಲೆಲ್ಲ ಅವರ ತಲೆ ಗೋಡೆಯತ್ತ ವಾಲುತ್ತಿತ್ತು.

ನಾನು ಆ ಊರಿಗೆ ಹೊಸ ಸೊಸೆ. ಸಾಬರ ಈ ಕೂಗಿಗೆ ಕಾರಣ ಹೇಳಿದವರು ನಮ್ಮತ್ತೆ. "ಬೊಂಬಾಯಾಗೆ ಕರೆಂಟ್ ಮಿಷನ್ ಹಿಡ್ಕಂಡು ಗೋಡೆ ಕೊರೀತಿದ್ರಂತೆ ಕಣೆ. ಆಚೆ ತಮ್ಮ ನಿಂತಿದ್ನಂತೆ. 'ನಿಲ್ಸು ಭಾಯಿ, ಕಲ್ಲು ಜಾರ್ತೈತೆ' ಅಂತ ಕೂಗಿದ್ದು ಬೀದಿಯೋರ್ಗೆಲ್ಲ ಕೇಳಿಸ್ತಂತೆ. ಮಿಷನ್ ಸದ್ದಿಗೆ ಇವರ್ಗೊಬ್ರಿಗೇ ಕೇಳಿಸ್ಲಿಲ್ಲ." ಕಲ್ಲಿನಡಿ ಹೋದ ಆ ತಮ್ಮನ ಹೆಸರು ರಸೂಲ್. ಸಾಬರ ಬಾಯಲ್ಲಿ ಆ ಹೆಸರನ್ನು ನಾವು ಕೇಳಿರಲೇ ಇಲ್ಲ.

ನಮ್ಮ ಮಾವನವರದು ಕಬ್ಬಿಣದ ಅಂಗಡಿ. ಹಿಂದೆಯೇ ಮನೆ, ಅಂಗಡಿಗೂ ಅಡಿಗೆಮನೆಗೂ ನಡುವೆ ಒಂದೇ ದಪ್ಪ ಕಲ್ಲುಗೋಡೆ. ಊರಿನ ಪೈಪಿನ ಕೆಲಸ ಹಿಡಿದಿದ್ದ ಕಂಟ್ರಾಕ್ಟರು, ಇನ್ನು ಮಿಷನ್ ಇದ್ದವರಿಗಷ್ಟೇ ಕೆಲಸ ಎಂದುಬಿಟ್ಟರು. ಸಾಬರ ಅನ್ನ ಹೋಗಬಾರದೆಂದು ಮಾವನವರು ಬೆಂಗಳೂರಿನಿಂದ ಎರಡು ಮಿಷನ್ ತರಿಸಿ ಕಟ್ಟೆಯ ಮೇಲಿಟ್ಟರು.

"ನೋಡಯ್ಯಾ, ಇವೂ ನಿನ್ನಂಗೇ. ಹೊಡೀತವೆ, ತಿರುಗ್ತವೆ. ದೊಡ್ಡದೋ ಚಿಕ್ಕದೋ, ಆರಿಸ್ಕೋ."

ಸಾಬರು ಒಂದೊಂದನ್ನೂ ಎತ್ತಿ ತೂಗಿದರು. ಏಣಿ ಹತ್ತಿ ಹಿಡಿಯಲು ಚಿಕ್ಕದು ಹಗುರ, ಕರಿಗಲ್ಲಿಗೆ ದೊಡ್ಡದೇ ಸರಿ ಎಂದರು. ಆಸೆಯೂ ಆಗಿತ್ತು, ಹಿಡಿಯನ್ನು ಸವರುತ್ತಲೇ ಇದ್ದರು. ಆಮೇಲೆ ಒಳಬಾಗಿಲಲ್ಲಿ ನಿಂತಿದ್ದ ನನ್ನತ್ತ ತಿರುಗಿದರು.

"ಅಮ್ಮಯ್ಯ, ಅಡಿಗೆಮನೆಗೋಗಿ ನನ್ನೆಸ್ರಿಡ್ದು ಕೂಗ್ರಿ."

"ಸೊಸೆ ಕೈಲಿ ನಿನ್ನೆಸ್ರು ಕೂಗಿಸ್ತೀಯೇನಯ್ಯಾ? ಊರು ನಗ್ತೈತೆ!"

"ನಗ್ಲಿ ಬುಡಿ ಶೆಟ್ರೇ."

ಗೋಡೆಯಾಚೆ ಮಿಷನ್ ಗುಡುಗಿತು. ನಾನು ನಾಚಿಕೆ ನುಂಗಿ "ಖಾದರ್ ಸಾಬ್ರೇ!" ಎಂದು ಕೂಗಿದೆ. ಹಿತ್ತಲಲ್ಲಿದ್ದ ಅತ್ತೆ ಗಾಬರಿಯಿಂದ ಓಡಿಬಂದರು. ಚಿಕ್ಕದಕ್ಕೂ ಕೂಗಿದೆ, ದೊಡ್ಡದಕ್ಕೂ ಕೂಗಿದೆ. ಗಂಟಲು ಬಿದ್ದುಹೋಯಿತೇ ಹೊರತು ಸಾಬರು ಓಗೊಡಲಿಲ್ಲ.

ನಾನು ಅಂಗಡಿಗೆ ಬರುವಷ್ಟರಲ್ಲಿ ಎರಡನ್ನೂ ತಂದಿದ್ದ ಪೆಟ್ಟಿಗೆಯಲ್ಲೇ ಮಲಗಿಸಿದ್ದರು. "ಎರಡಕ್ಕೂ ಕೈ ಚೆನ್ನಾಗೈತೆ ಶೆಟ್ರೇ. ಕಿವಿ ಇಲ್ಲ."

ಊರಿನ ಕೆಲಸ ಬೇರೆಯವರ ಪಾಲಾಯಿತು. ಸಾಬರಿಗೆ ಉಳಿದದ್ದು ಸೋರುವ ನಲ್ಲಿ, ಒಡೆದ ಪೈಪು.

ವರ್ಷಗಳು ಉರುಳಿ ನಮ್ಮ ಅಡಿಗೆಮನೆಯ ಪೈಪಿಗೂ ತುಕ್ಕು ಹಿಡಿಯಿತು. ಸಾಬರನ್ನು ಕರೆಸಿದೆವು. ಅಷ್ಟರಲ್ಲಿ ಅವರ ಕಿವಿ ಪೂರ್ತಿ ಹೋಗಿತ್ತು. ಬೆನ್ನ ಹಿಂದೆ ಬಸ್ಸು ಹಾರ್ನ್ ಹೊಡೆದರೂ ತಿಳಿಯುತ್ತಿರಲಿಲ್ಲ. ಮಾವನವರು ಮಿಷನ್ ತೋರಿಸಿ, ಬಾಯಿ ಅಗಲಿಸಿ ಕೇಳಿದರು: "ಈಗಿನ್ನೇನಯ್ಯಾ? ಹೆಂಗೂ ಕೇಳ್ಸಲ್ಲ. ಇದನ್ನೇ ತಗಾ."

ಸಾಬರು ತಲೆಯಾಡಿಸಿ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದರು. "ಅಮ್ಮಯ್ಯ, ಆಚೆ ಹೋಗಿ ಗೋಡೆ ತಟ್ರಿ. ಕೈಗೆ ಗೊತ್ತಾಗ್ತದೆ."

ಅತ್ತೆ ಊರಲ್ಲಿರಲಿಲ್ಲ. ಒಳಗೆ ಯಾರೂ ಇರಲಿಲ್ಲ. ನಾನಿನ್ನೂ ನಡುಮನೆ ದಾಟಿರಲಿಲ್ಲ, ಅಂಗಡಿಯಿಂದ ಅವರ ದನಿ ಬಂತು. ಎಂದೂ ಕೇಳದಷ್ಟು ಮೆತ್ತಗಿನ ದನಿ.

"ಹಾಂ, ತಿಳೀತು, ತಿಳೀತು. ಸರ್ಕೋ ರಸೂಲ್."

ಮೊದಲ ಏಟು ಬಿತ್ತು. ನಾನು ಅಡಿಗೆಮನೆಯ ಹೊಸ್ತಿಲಲ್ಲೇ ನಿಂತೆ. ಖಾಲಿ ನೆಲದ ಮೇಲೆ ಕಲ್ಲಿನ ಪುಡಿ ಸಣ್ಣಗೆ ಉದುರುತ್ತಿತ್ತು.

ಸಂಜೆಯ ಬಸ್ಸು ಹತ್ತುವಾಗ ಸಾಬರ ಕಣ್ಣೂ ನಗುತ್ತಿತ್ತು. ಅದೇ ಕೊನೆ. ಮಳೆಗಾಲದಲ್ಲಿ ಶಿರಾದಿಂದ ಸುದ್ದಿ ಬಂತು.

ಈಗಲೂ ಗೋಡೆಗೊಂದು ಮೊಳೆ ಹೊಡೆಯಬೇಕಾದರೆ "ಆಚೆ ಯಾರಿದ್ದೀರಾ?" ಎಂದು ಕೂಗುತ್ತೇನೆ. ಕೂಗಿ, ಯಾರ ದನಿ ಬಂದೀತೋ ಎಂದು, ಉತ್ತರ ಬರುವ ಮುಂಚೆಯೇ ಹೊಡೆದುಬಿಡುತ್ತೇನೆ.